ಆತಿಥೇಯರು ಸ್ನಾನ ಮಾಡತಕ್ಕದ್ದಲ್ಲ

ತಂಜುಂಗ್‌ರೆಜೊ ನಗರಾಡಳಿತದ ಸಭೆ ಸಮಾರಂಭ ವಿಭಾಗದ ಮುಖ್ಯಸ್ಥರಾದ ಶ್ರೀ ಸುಗೊಂದೊ ಅವರು ನಗರದ ಹಿತದೃಷ್ಟಿಯಿಂದ ಸ್ನಾನ ಮಾಡುವುದನ್ನು ನಿಲ್ಲಿಸಿರುತ್ತಾರೆ. ಈ ವಿಷಯವನ್ನು ಸಾರ್ವಜನಿಕರ ಗಮನಕ್ಕೆ ತಂದ ಪ್ರಕಟಣೆಯನ್ನು ಬರೆದವನು ನಾನೇ. ನಾನು ಪ್ರಚಾರ ವಿಭಾಗದ ದರ್ಪೊ. ಪ್ರಕಟಣೆ ಚೆನ್ನಾಗಿದೆಯೆಂದು ಮೇಯರ್ ಸಾಹೇಬರು ನನ್ನ ಬೆನ್ನು ತಟ್ಟಿದರು. ಸಾರ್ವಜನಿಕರೂ ಓದಿ ಸುಮ್ಮನಾದರು. ಸುಗೊಂದೊ ಅವರ ಅಕ್ಕಪಕ್ಕದ ಮನೆಯವರು ಮಾತ್ರ ಕಿಟಕಿ ಹಾಕಿಕೊಂಡರು.

ಸಂಗತಿ ಇಷ್ಟೆ. ನಮ್ಮದು ಜಾವಾದ ಉತ್ತರ ಕರಾವಳಿಯ ಊರು. ಕಡಲ ದಂಡೆಯಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ ತೆಗೆಯುವ ಸ್ಥಾವರವೊಂದಿದೆ. ಅದರ ಚಿಮಣಿಯ ಮಸಿ ಊರಿನ ಮೇಲೆಲ್ಲ ಬೀಳುತ್ತದೆ. ನಗರಾಡಳಿತದ ಸೇವೆಗಳಲ್ಲಿ ಬಡವ ಬಲ್ಲಿದ ಎನ್ನದೆ ಎಲ್ಲರ ಮನೆಗೂ ತಪ್ಪದೆ ತಲುಪುವುದು ಇದೊಂದೇ. ನಮ್ಮಲ್ಲಿ ಬಿಳಿ ಅಂಗಿ ತೊಟ್ಟವರನ್ನು ಕಂಡರೆ ಹೊಸದಾಗಿ ವರ್ಗವಾಗಿ ಬಂದವರೆಂದು ಜನ ತಿಳಿಯುತ್ತಾರೆ. ಬಿಸಿಲಿಗೆ ಒಣಹಾಕಿದ ಸಿಗಡಿ ಹಪ್ಪಳ ಸಂಜೆಗೆ ಬೂದುಬಣ್ಣಕ್ಕೆ ತಿರುಗುತ್ತದೆ. ಅದನ್ನೇ ನಮ್ಮೂರಿನ ವಿಶೇಷ ತಿಂಡಿಯೆಂದು ಬಸ್ ನಿಲ್ದಾಣದಲ್ಲಿ ಮಾರುತ್ತಾರೆ.

ಹೀಗಿರುವಾಗ ಪರದೇಶದ ಒಂದು ಬ್ಯಾಂಕು ನಮ್ಮ ಮೇಯರಿಗೆ ಸಾಲ ಕೊಟ್ಟಿತು. ಕಲ್ಲಿದ್ದಲು ಸ್ಥಾವರ ಮುಚ್ಚಬೇಕು, ಅದರ ಬದಲು ಸೂರ್ಯನ ಬೆಳಕಿನಿಂದ ವಿದ್ಯುತ್ ತೆಗೆಯಬೇಕು ಎಂಬುದು ಕರಾರು. ಮೇಯರ್ ಒಪ್ಪಿದರು. ಸೌರ ಸ್ಥಾವರಕ್ಕೆ ಜಾಗ ಹುಡುಕಲು ಸಮಿತಿ ಮಾಡಿದರು. ಸಮಿತಿಯವರು ಊರೆಲ್ಲ ಅಲೆದು, ಕೊನೆಗೆ ಕಲ್ಲಿದ್ದಲು ಸ್ಥಾವರದ ಚಿಮಣಿಯ ಬುಡದಲ್ಲಿದ್ದ ಬಯಲೇ ಸರಿ ಎಂದು ವರದಿ ಕೊಟ್ಟರು. ಆ ಬಯಲು ಗುನಾದಿ ಅವರದು. ಕಲ್ಲಿದ್ದಲು ಸ್ಥಾವರಕ್ಕೆ ಕಲ್ಲಿದ್ದಲು ಪೂರೈಸುವವರೂ ಅವರೇ. ಆದ್ದರಿಂದ ಅವರಿಗೆ ವಿದ್ಯುತ್ತಿನ ವಿಷಯದಲ್ಲಿ ಅನುಭವವಿತ್ತು.

"ಸೂರ್ಯನಿಗೂ ಕಲ್ಲಿದ್ದಲಿಗೂ ಏನ್ರೀ ಜಗಳ?" ಎಂದು ಗುನಾದಿ ಸಭೆಯಲ್ಲಿ ಕೇಳಿದರು. "ಹೊಸ ಸೊಸೆ ಬಂದ್ಲು ಅಂತ ಅತ್ತೆನ ಬೀದಿಗೆ ಹಾಕ್ತೀವಾ? ಸ್ವಲ್ಪ ದಿನ ಒಟ್ಟಿಗೆ ಇರ್ಲಿ. ಅಭ್ಯಾಸ ಆಗತ್ತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಸೌರಫಲಕಗಳು ಬಂದವು, ಬಯಲು ತುಂಬ ಸಾಲಾಗಿ ನಿಂತವು. ನೋಡಿದರೆ ನಿಜಕ್ಕೂ ಸಂತೋಷವಾಗುತ್ತಿತ್ತು. ಸಾಲದ ಹಣ ಡಿಸೆಂಬರ್ ಮುಗಿಯುವುದರೊಳಗೆ ಖರ್ಚಾಗಬೇಕಿತ್ತು. ಜಾವಾದಲ್ಲಿ ಅದು ಜೋರು ಮಳೆಯ ತಿಂಗಳು. ಹಾಗಾಗಿ ಸೂರ್ಯನ ಸ್ಥಾವರದ ಉದ್ಘಾಟನೆಯನ್ನು ನಡುಮಳೆಗಾಲದಲ್ಲಿ ಇಟ್ಟುಕೊಂಡೆವು.

ಮಳೆಗಾಲದಲ್ಲಿ ಸಮಾರಂಭ ಅಂದಮೇಲೆ ಮಳೆ ಸರಿಸುವವರನ್ನು ಕರೆಸಲೇಬೇಕು. ಶಾಮಿಯಾನ ಹಾಕಿಸುವಷ್ಟೇ ಸಹಜವಾದ ಕೆಲಸ ಅದು. ಸುಗೊಂದೊ ಅವರು ಬೆಟ್ಟದ ತಪ್ಪಲಿನಿಂದ ರೊಂಗೊ ಅಜ್ಜನನ್ನು ಕರೆತಂದರು. ಅಜ್ಜ ಒಂದು ಕಡ್ಡಿಪೊರಕೆಯನ್ನು ತಲೆಕೆಳಗಾಗಿ ನೆಲಕ್ಕೆ ನೆಟ್ಟು, ಅದರ ಕಡ್ಡಿಗಳಿಗೆ ಕೆಂಪು ಮೆಣಸಿನಕಾಯಿ, ಸಣ್ಣ ಈರುಳ್ಳಿ ಚುಚ್ಚಿದರು. ಲವಂಗದ ಸಿಗರೇಟು ಹಚ್ಚಿ ಆಕಾಶ ನೋಡಿದರು.

"ಮಳೆ ನಿಲ್ಸೋಕೆ ನನ್ ಕೈಲಿ ಆಗಲ್ಲಪ್ಪ," ಎಂದರು. "ದೇವರು ಕೊಟ್ಟಿದ್ದನ್ನ ನಿಲ್ಸೋಕೆ ನಾನ್ಯಾರು? ಪಕ್ಕಕ್ಕೆ ಸರಿಸ್ತೀನಿ, ಅಷ್ಟೆ. ಇಲ್ಲಿ ಬರೋದು ಕಾಲಿಸೊನೊ ಊರಿಗೆ ಹೋಗತ್ತೆ. ಆದ್ರೆ ಸಮಾರಂಭ ಮುಗಿಯೋವರೆಗೂ ಆತಿಥೇಯರು ಮೈಗೆ ನೀರು ಹಾಕ್ಕೋಬಾರ್ದು. ಹಾಕ್ಕೊಂಡ್ರೆ ಹೋದ ಮಳೆ ಎಲ್ಲಾ ಒಟ್ಟಿಗೆ ವಾಪಸ್ ಬರತ್ತೆ."

"ಆತಿಥೇಯರು ಅಂದ್ರೆ ಯಾರು ಅಜ್ಜ?" ಎಂದು ಮೇಯರ್ ಕೇಳಿದರು. ಅವರ ದನಿ ಸ್ವಲ್ಪ ಸಣ್ಣದಾಗಿತ್ತು. ಮೇಯರ್ ದಿನಕ್ಕೆ ಮೂರು ಸಲ ಸ್ನಾನ ಮಾಡುವವರು.

"ಯಾರ ಮನೆ ಕೆಲಸಾನೋ ಅವ್ರು."

ಇದು ನಗರದ ಕೆಲಸ, ನಗರಕ್ಕೆ ಮೈಯಿಲ್ಲ. ಕಾನೂನು ಅಧಿಕಾರಿಗಳು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಆತಿಥ್ಯವನ್ನು ವಹಿಸಿಕೊಡಬಹುದು ಎಂದು ಅಭಿಪ್ರಾಯಪಟ್ಟರು. ಮೇಯರ್ ಅಲ್ಲೇ ಆದೇಶ ಹೊರಡಿಸಿದರು. ಶ್ರೀ ಸುಗೊಂದೊ ಅವರು ಈ ಸಮಾರಂಭದ ಆತಿಥೇಯರಾಗಿರತಕ್ಕದ್ದು. ಸಮಾರಂಭ ಮುಗಿಯುವವರೆಗೆ ಆತಿಥೇಯರು ಸ್ನಾನ ಮಾಡತಕ್ಕದ್ದಲ್ಲ.

"ಒಂದು ಬೆಳಗ್ಗೆ ತಾನೇ ಬಾಪಕ್? ಅದಕ್ಕೇನಂತೆ!" ಎಂದು ಸುಗೊಂದೊ, ಅಪ್ಪನನ್ನೂ ದೊಡ್ಡವರನ್ನೂ ನಾವು ಕರೆಯುವ ಮಾತಿನಲ್ಲೇ ಮೇಯರಿಗೆ ಹೇಳಿ ನಕ್ಕರು. ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟು ಸ್ವಚ್ಛವಾದ ಮನುಷ್ಯನನ್ನು ನಾನು ನಗರಾಡಳಿತದಲ್ಲಿ ಬೇರೆ ಕಂಡಿಲ್ಲ. ಮಸಿ ಬೀಳುವ ಊರಲ್ಲಿ ಜೇಬಿನಲ್ಲಿ ಎರಡು ಕರವಸ್ತ್ರ ಇಟ್ಟುಕೊಂಡು ಓಡಾಡುವವರು ಅವರು.

ಉದ್ಘಾಟನೆಯ ದಿನ ಆಕಾಶ ತೊಳೆದಿಟ್ಟಂತಿತ್ತು. ಕಾರ್ಯಕ್ರಮಪಟ್ಟಿಯನ್ನು ನಾನೇ ಅಚ್ಚು ಹಾಕಿಸಿದ್ದೆ. ಮೊದಲು ರಾಷ್ಟ್ರಗೀತೆ, ಆಮೇಲೆ ಮೇಯರ್ ಭಾಷಣ, ಮೂರನೆಯದು ಅರಿಸಿನದ ಅನ್ನದ ಗೋಪುರ ಕತ್ತರಿಸುವುದು, ನಾಲ್ಕನೆಯದು ಮೇಯರ್ ಗುಂಡಿ ಒತ್ತಿ ಕಲ್ಲಿದ್ದಲು ಸ್ಥಾವರವನ್ನು ಶಾಶ್ವತವಾಗಿ ನಿಲ್ಲಿಸುವುದು, ಐದನೆಯದು ಮುಕ್ತಾಯದ ಪ್ರಾರ್ಥನೆ. ಮೂರರವರೆಗೆ ಎಲ್ಲವೂ ಸಾಂಗವಾಗಿ ನಡೆಯಿತು. ನಾಲ್ಕನೆಯದಕ್ಕೆ ಮೇಯರ್ ಗುಂಡಿಯ ಮೇಲೆ ಬೆರಳಿಟ್ಟರು, ಫೋಟೊ ತೆಗೆದರು. ಅಷ್ಟರಲ್ಲಿ ಎಂಜಿನಿಯರ್ ನಿಕೆನ್ ಓಡಿಬಂದಳು.

"ಬಾಪಕ್, ಒತ್ಬೇಡಿ! ಫಲಕದಿಂದ ಕರೆಂಟೇ ಬರ್ತಿಲ್ಲ. ಒತ್ತಿದ್ರೆ ಊರೆಲ್ಲಾ ಕತ್ತಲೆ."

"ಯಾಕಮ್ಮ? ಬಿಸಿಲು ಸುಡ್ತಾ ಇದೆಯಲ್ಲ?"

"ಮಸಿ ಕೂತಿದೆ ಬಾಪಕ್. ಒಂದು ಬೆರಳು ದಪ್ಪ."

ಎಲ್ಲರೂ ತಲೆಯೆತ್ತಿ ಚಿಮಣಿ ನೋಡಿದೆವು. ಅದು ನಮ್ಮ ಸಮಾರಂಭದ ಗೌರವಾರ್ಥ ಎಂದಿಗಿಂತ ಜೋರಾಗಿ ಹೊಗೆ ಬಿಡುತ್ತಿತ್ತು. ಮೇಯರ್ ರೊಂಗೊ ಅಜ್ಜನ ಕಡೆ ತಿರುಗಿ, ಇದನ್ನೂ ಸ್ವಲ್ಪ ಸರಿಸಲಾಗುವುದೇ ಎಂದು ಕೇಳಿದರು. ಅಜ್ಜ ಕೈ ಅಡ್ಡಡ್ಡ ಆಡಿಸಿದರು.

"ಮಳೆಮೋಡ ಆದ್ರೆ ನನ್ ಮಾತು ಕೇಳತ್ತೆ. ಇದು ಸರ್ಕಾರಿ ಮೋಡ. ಸರ್ಕಾರದ್ದಕ್ಕೆ ನಾನು ಕೈ ಹಾಕಲ್ಲಪ್ಪ."

ಮೇಯರ್ ಗುಂಡಿಯಿಂದ ಬೆರಳು ತೆಗೆದರು. ಇನ್ನೇನು ಐದನೆಯ ಅಂಶಕ್ಕೆ ಹೋಗಿ ಊಟ ಮಾಡೋಣವೆಂದರೆ ಕಾನೂನು ಅಧಿಕಾರಿಗಳು ಎದ್ದು ನಿಂತರು. ನಾಲ್ಕನೆಯ ಅಂಶ ಮುಗಿಯದೆ ಐದನೆಯದನ್ನು ಕೈಗೆತ್ತಿಕೊಳ್ಳಲು ನಿಯಮದಲ್ಲಿ ಅವಕಾಶವಿಲ್ಲ ಎಂದರು. ಮುಕ್ತಾಯದ ಪ್ರಾರ್ಥನೆ ಆಗದೆ ಸಮಾರಂಭ ಮುಕ್ತಾಯವಾಗುವುದಿಲ್ಲ. ಆದಕಾರಣ ಸಮಾರಂಭ ನಡೆಯುತ್ತಲೇ ಇದೆ ಎಂದು ಭಾವಿಸತಕ್ಕದ್ದು. ಊಟವನ್ನು ತಾತ್ಕಾಲಿಕವಾಗಿ ಬಡಿಸಬಹುದು.

ನಾವು ತಾತ್ಕಾಲಿಕವಾಗಿ ಊಟ ಮಾಡಿದೆವು. ಮಾರನೆಯ ದಿನವೂ ಸಮಾರಂಭ ನಡೆಯುತ್ತಲೇ ಇದ್ದುದರಿಂದ ಊಟದ ಡಬ್ಬಿಗಳು ಬಂದವು. ಅದರ ಮಾರನೆಯ ದಿನವೂ ಬಂದವು. ಡಬ್ಬಿ ಕಳಿಸುವವರು ಮೇಯರ್ ಅವರ ನಾದಿನಿ. ಶಾಮಿಯಾನ, ಕುರ್ಚಿಗಳ ಬಾಡಿಗೆ ಕಾನೂನು ಅಧಿಕಾರಿಗಳ ತಮ್ಮನಿಗೆ ಹೋಗುತ್ತಿತ್ತು. ರೊಂಗೊ ಅಜ್ಜನಿಗೆ ದಿನಗೂಲಿ ನಿಗದಿಯಾಯಿತು. ನನಗೂ ಡಬ್ಬಿ ಸಿಗುತ್ತಿತ್ತು. ಹುರಿದ ಕೋಳಿ, ಸೋಯಾ ಕಾಳಿನ ಟೆಂಪೆ, ಹಪ್ಪಳ, ಒಂದು ಬಾಳೆಹಣ್ಣು. ಹೀಗಾಗಿ ಸಮಾರಂಭ ಮುಗಿಯಬೇಕೆಂದು ಯಾರೂ ಅವಸರಪಡಲಿಲ್ಲ. ಅವಸರ ಇದ್ದದ್ದು ಸುಗೊಂದೊ ಒಬ್ಬರಿಗೇ.

ಫಲಕಗಳನ್ನು ತೊಳೆಸಿದರಾಯಿತಲ್ಲ ಎಂದು ನಿಕೆನ್ ಕೇಳಿದಳು. ಹೊಸದಾಗಿ ಸೇರಿದ ಹುಡುಗಿ, ಪಾಪ. ತೊಳೆಯುವುದು ನಿರ್ವಹಣೆಯ ಬಾಬ್ತಿಗೆ ಬರುತ್ತದೆ, ನಿರ್ವಹಣೆ ಉದ್ಘಾಟನೆಯ ನಂತರ ಶುರುವಾಗುತ್ತದೆ, ಉದ್ಘಾಟನೆ ಇನ್ನೂ ನಡೆಯುತ್ತಿದೆ ಎಂದು ಅವಳಿಗೆ ತಿಳಿಹೇಳಲಾಯಿತು.

"ಹಾಗಾದ್ರೆ ಮಳೆ ಆದ್ರೂ ಬರ್ಲಿ ಬಾಪಕ್. ಒಂದು ಜೋರು ಮಳೆ ಬಂದ್ರೆ ಸಾಕು, ತಾನೇ ತೊಳ್ಕೊಳತ್ತೆ," ಎಂದಳು.

ಮೇಯರ್ ಅವಳನ್ನು ಕನಿಕರದಿಂದ ನೋಡಿದರು. "ಮಳೆ ಬರಬಾರ್ದು ಅಂತ ತಾನೇ ನಾವು ದಿನಾ ಇಷ್ಟು ಖರ್ಚು ಮಾಡ್ತಿರೋದು? ಖರ್ಚೂ ಮಾಡಿ, ಮಳೇನೂ ಬಂದ್ರೆ ಲೆಕ್ಕಪರಿಶೋಧಕರಿಗೆ ಏನಮ್ಮ ಹೇಳೋದು?"

ಕಲ್ಲಿದ್ದಲು ಸ್ಥಾವರ ಸೌರ ಸ್ಥಾವರದ ಬದಲಿಗೆ ಓಡುತ್ತಿತ್ತು. ಅದರ ಮಸಿ ಸೌರ ಸ್ಥಾವರದ ಮೇಲೆ ಬೀಳುತ್ತಿತ್ತು. ಮಸಿ ಬಿದ್ದದ್ದರಿಂದ ಕಲ್ಲಿದ್ದಲು ಸ್ಥಾವರ ಓಡಬೇಕಾಗಿತ್ತು. ಎಲ್ಲವೂ ಹೀಗೆ ಒಂದಕ್ಕೊಂದು ಹೊಂದಿಕೊಂಡಿದ್ದರೂ ಸುಗೊಂದೊ ಅವರ ಮೈ ಮಾತ್ರ ಹೊಂದಿಕೊಳ್ಳಲಿಲ್ಲ.

ಮೊದಲ ವಾರ ಅವರು ಪೌಡರು ಹಾಕಿಕೊಂಡು ಬಂದರು. ಎರಡನೆಯ ವಾರ ಅತ್ತರು. ಆಮೇಲೆ ಎರಡೂ ಸೇರಿ ಬೆವರಿನ ಜೊತೆ ಬೆರೆತು, ಇವಕ್ಕಿಂತ ಬರಿಯ ಬೆವರೇ ವಾಸಿ ಎನ್ನುವಂತಾಯಿತು. ಅವರು ಲಿಫ್ಟ್ ಹತ್ತಿದರೆ ಉಳಿದವರಿಗೆ ಮೆಟ್ಟಿಲ ಮೇಲೆ ಪ್ರೀತಿ ಹುಟ್ಟುತ್ತಿತ್ತು. ಸೋಮವಾರದ ಧ್ವಜವಂದನೆಯಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ ಅವರನ್ನು ನಿಲ್ಲಿಸಲಾಗುತ್ತಿತ್ತು. ಅವರ ಹೆಂಡತಿ ತವರಿಗೆ ಹೋಗಲಿಲ್ಲ, ಅಷ್ಟು ಒಳ್ಳೆಯ ಹೆಂಗಸು. ಊಟದ ತಟ್ಟೆಯನ್ನು ಹಿತ್ತಲಿನ ಕಟ್ಟೆಯ ಮೇಲಿಟ್ಟು ಒಳಗಿಂದ ಕೂಗುತ್ತಿದ್ದರು.

ಅವರಿಗೆ ಅನುಕೂಲವಾಗಲೆಂದು ಕಾನೂನು ವಿಭಾಗ ಸ್ನಾನದ ವ್ಯಾಖ್ಯಾನವನ್ನು ಹೊರಡಿಸಿತು. ಪ್ರಾರ್ಥನೆಗೆ ಮುಂಚೆ ಮುಖ ಕೈ ಕಾಲು ತೊಳೆಯುವುದು ಸ್ನಾನವಲ್ಲ. ಬೆವರಿನಲ್ಲಿ ನೆನೆಯುವುದು ಸ್ನಾನವಲ್ಲ. ಕಣ್ಣೀರು ಗಲ್ಲದವರೆಗೆ ಇಳಿದರೆ ಸ್ನಾನವಲ್ಲ, ಕತ್ತು ದಾಟಿದರೆ ಇಲಾಖೆಗೆ ವರದಿ ಮಾಡತಕ್ಕದ್ದು. ಇದನ್ನು ಅಂದವಾದ ಅಕ್ಷರದಲ್ಲಿ ಅಚ್ಚು ಹಾಕಿಸಿ ಅವರ ಮೇಜಿನ ಎದುರು ಅಂಟಿಸಿದವನು ನಾನು. ಅವರು ಓದಿ, ಅಣ್ಣ ಎನ್ನುವ ಹಾಗೆ, "ಥ್ಯಾಂಕ್ಸ್ ಮಾಸ್," ಎಂದರು. ನನಗೆ ಆ ಹಾಳೆ ಕಿತ್ತುಬಿಡೋಣ ಎನ್ನಿಸಿತು. ಅಂದಿನ ಡಬ್ಬಿಯಲ್ಲಿ ಕೋಳಿಯ ಕಾಲು ದೊಡ್ಡದಿತ್ತು, ಮರೆತೆ.

ಇಷ್ಟರಲ್ಲಿ ಸುಗೊಂದೊ ಅವರ ಒಬ್ಬಳೇ ಮಗಳು ಲಾರಾಸ್‌ಳ ಮದುವೆ ಹತ್ತಿರವಾಯಿತು. ವರ ಕಾಲಿಸೊನೊ ಊರಿನವನು. ನಮ್ಮ ಮಳೆಯನ್ನೆಲ್ಲ ರೊಂಗೊ ಅಜ್ಜ ಸರಿಸುತ್ತಿದ್ದುದು ಆ ಊರಿಗೇ. ವರನ ತಾಯಿ ಇಬು ತರ್ವಿಯಾ, ಅಂದರೆ ತರ್ವಿಯಾ ಅಮ್ಮನವರು, ಒಂದು ದಿನ ಕಚೇರಿಗೇ ಬಂದರು. ಕಾಲಲ್ಲಿ ಗಂಬೂಟು, ಸೀರೆಯಂತೆ ಸುತ್ತಿದ ಬಾತಿಕ್ ಬಟ್ಟೆಗೆ ಮೊಣಕಾಲವರೆಗೂ ಕೆಸರು. ಒಳಗೆ ಕಾಲಿಟ್ಟವರೇ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಓಹೋ! ಜನ ಹೇಳಿದ್ದು ನಿಜಾನೇ. ಬೀಗರೇ, ಅಲ್ಲೇ ಕೂತಿರಿ, ಏಳ್ಬೇಡಿ. ನಾನೇ ದೂರ ನಿಂತು ಮಾತಾಡ್ತೀನಿ."

"ಇಬು, ಟೀ ತರಿಸ್ಲಾ?" ಎಂದರು ಸುಗೊಂದೊ.

"ನನಗೆ ನೀರಿನ ಪದಾರ್ಥ ಯಾವ್ದೂ ಬೇಡ. ನಮ್ಮನೇಲಿ ಮಂಚದ ಕೆಳಗೆ ಮೀನು ಓಡಾಡ್ತಿದೆ. ಕೋಳಿಗಳು ಬೀರು ಮೇಲೆ ಮೊಟ್ಟೆ ಇಡ್ತಿವೆ. ನೀವಿಲ್ಲಿ ಚೊಂಬು ಮುಟ್ಟಲ್ಲ ಅಂತ ಹಟ ಹಿಡಿದು ಕೂತಿದೀರಿ, ಅಲ್ಲಿ ನಾವು ಮುಳುಗ್ತಿದೀವಿ."

"ಹಟ ಅಲ್ಲ ಇಬು. ಆದೇಶ."

"ಆದೇಶ ನಿಮ್ಮ ಮೇಯರ್‌ಗೆ ಇಟ್ಕೊಳ್ಳಿ. ನಾನು ಒಂದೇ ಮಾತು ಹೇಳ್ತೀನಿ. ಮದುವೆ ದಿನ ಮಗ ನಿಮ್ಮ ಮೊಣಕಾಲಿಗೆ ತಲೆ ಇಟ್ಟು ನಮಸ್ಕಾರ ಮಾಡ್ಬೇಕು. ಇಟ್ಟೋನು ಏಳ್ತಾನಾ ಅನ್ನೋದೇ ನನಗೆ ಅನುಮಾನ. ನೀವು ಸ್ನಾನ ಮಾಡಿದ್ರೆ ಮದುವೆ. ಇಲ್ಲಾಂದ್ರೆ ನಿಮ್ಮ ಮಗಳು ನಿಮ್ಮನೇಲೇ ಇರ್ಲಿ, ನಿಮ್ಮ ವಾಸನೆ ಜೊತೆ."

ಹೇಳಿ ಗಂಬೂಟು ಚಪಚಪ ಎನ್ನಿಸುತ್ತ ಹೊರಟುಹೋದರು. ಸುಗೊಂದೊ ಅಂದೇ ಒಂದು ಸ್ನಾನಕ್ಕೆ ಅನುಮತಿ ಕೋರಿ ಅರ್ಜಿ ಬರೆದರು.

ಅರ್ಜಿಯನ್ನು ನಗರಾಡಳಿತ ಸಹಾನುಭೂತಿಯಿಂದಲೇ ನೋಡಿತು. ಅರ್ಜಿದಾರರ ಸ್ನಾನದಿಂದ ಹವಾಮಾನ ಬದಲಾಗುವುದರಿಂದ ಪರಿಸರ ಇಲಾಖೆ ಮೊದಲು ಅಧ್ಯಯನ ಮಾಡಬೇಕೆಂದಿತು. ನೀರು ಬಿಸಿಯೋ ತಣ್ಣಗೋ ಎಂದು ನೀರಿನ ಇಲಾಖೆ ಸ್ಪಷ್ಟನೆ ಕೇಳಿತು. ಕೊನೆಗೆ ಮೇಯರ್ ಅವರೇ ಕರೆಸಿ ಸಮಾಧಾನ ಹೇಳಿದರು. ಗುನಾದಿಯೂ ಅಲ್ಲಿದ್ದರು. ಒಂದು ದೊಡ್ಡ ಬಾಟಲಿ ಅತ್ತರು ಉಡುಗೊರೆ ತಂದಿದ್ದರು.

"ನೋಡಿ ಬಾಪಕ್ ಸುಗೊಂದೊ," ಎಂದರು ಗುನಾದಿ. "ನಿಮ್ಮೊಬ್ಬರ ಮೈಯಿಂದ ಎಷ್ಟು ಮನೆ ಒಲೆ ಉರೀತಿದೆ ಗೊತ್ತಾ? ಅಡಿಗೆಯೋರು, ಶಾಮಿಯಾನದೋರು, ಅಜ್ಜ, ನನ್ನ ಲಾರಿ ಡ್ರೈವರ್‌ಗಳು. ನೀವು ಒಂದು ಚೊಂಬು ಹುಯ್ಕೊಂಡ್ರೆ ಅಷ್ಟೂ ಜನರ ಹೊಟ್ಟೆ ಮೇಲೆ ಹುಯ್ದ ಹಾಗೆ."

"ನನ್ನ ಮಗಳ ಮದುವೆ ಬಾಪಕ್."

"ಮದುವೆ ಆಗ್ಲಿ, ಬೇಡ ಅಂದೋರು ಯಾರು? ಸ್ನಾನ ಬೇಡ ಅಂದ್ವಿ, ಅಷ್ಟೆ."

ಮದುವೆಯ ಹಿಂದಿನ ದಿನ ವಧುವಿಗೆ ಹೂನೀರಿನ ಸ್ನಾನ. ಏಳು ಬುಗ್ಗೆಗಳ ನೀರು ತಂದು, ಮಲ್ಲಿಗೆ ಗುಲಾಬಿ ಉದುರಿಸಿ, ಹೆತ್ತವರು ಮಗಳ ತಲೆಗೆ ಹುಯ್ಯಬೇಕು. ಮೊದಲ ಚೊಂಬು ತಂದೆಯದು. ಅವಳ ಮೇಲೆ ಹುಯ್ಯುವುದು ಆತಿಥೇಯರ ಸ್ನಾನವಲ್ಲವೆಂದು ಕಾನೂನು ವಿಭಾಗ ಒಪ್ಪಿತು. ಆದರೆ ಹನಿ ಸಿಡಿಯುವ ಅಪಾಯವಿತ್ತು. ಹಾಗಾಗಿ ಸುಗೊಂದೊ ಅವರು ರೇಷ್ಮೆಯ ಬಾತಿಕ್ ಮೇಲೆ ಮಳೆಯಂಗಿ ತೊಟ್ಟು, ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು, ಟೋಪಿ ಎಳೆದುಕೊಂಡು ನಿಂತರು. ಬಿಸಿಲು ಉರಿಯುತ್ತಿತ್ತು. ನಗರಾಡಳಿತದ ಪರವಾಗಿ ಕಾನೂನು ಅಧಿಕಾರಿಗಳು ಅವರ ಮುಂದೆ ಛತ್ರಿ ಬಿಚ್ಚಿ ಹಿಡಿದಿದ್ದರು. ನಾನು ಕ್ಯಾಮೆರಾ ಹಿಡಿದಿದ್ದೆ. ಬೀಗಿತ್ತಿ ತರ್ವಿಯಾ ಗೇಟಿನ ಹೊರಗೇ ಕುರ್ಚಿ ಹಾಕಿಸಿಕೊಂಡು, ನಡೆಯುವುದೋ ಬಿಡುವುದೋ ನೋಡೋಣವೆಂದು ಕೂತಿದ್ದರು.

ಲಾರಾಸ್ ಮಲ್ಲಿಗೆಯ ಬಲೆ ಹೊದ್ದು ಮಣೆಯ ಮೇಲೆ ಕೂತಿದ್ದಳು. ಸುಗೊಂದೊ ಛತ್ರಿಯ ಪಕ್ಕದಿಂದ ಕೈ ಚಾಚಿ ಚೊಂಬು ಬಗ್ಗಿಸಿದರು. ನೀರು ಮಗಳ ತಲೆಗೆ ಬೀಳುವಷ್ಟರಲ್ಲಿ ಅವರಿಗೆ ಅಳು ಬಂತು. ಕಾನೂನು ಅಧಿಕಾರಿಗಳು ಕಣ್ಣೀರು ಎಲ್ಲಿಯವರೆಗೆ ಇಳಿಯಿತೆಂದು ಬಗ್ಗಿ ನೋಡಿದರು.

ಲಾರಾಸ್ ಎದ್ದು ನಿಂತಳು. "ಬಾಪಕ್, ಆ ಕೋಟು ತೆಗೀರಿ," ಎಂದಳು.

"ಬೇಡ ಮಗಳೇ. ಆದೇಶ ಇದೆ."

"ನಾಳೆಯಿಂದ ನಾನು ಈ ಮನೇಲಿ ಇರಲ್ಲ. ನನಗೆ ನಮ್ಮಪ್ಪನ ವಾಸನೆ ನೆನಪಿರ್ಬೇಕು. ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸ್ಕೊಂಡಾಗ ಬರ್ತಿತ್ತಲ್ಲ, ಸೋಪಿನ ವಾಸನೆ, ಅದು. ಈ ಕಚೇರಿ ವಾಸನೆ ನನಗೆ ಬೇಡ."

ಹೇಳಿದವಳೇ ಕಾನೂನು ಅಧಿಕಾರಿಗಳ ಛತ್ರಿಯನ್ನು ಪಕ್ಕಕ್ಕೆ ತಳ್ಳಿ, ಹೂನೀರಿನ ಹಂಡೆಯನ್ನೇ ಎತ್ತಿ ಅಪ್ಪನ ತಲೆಗೆ ಸುರಿದಳು. ಮಳೆಯಂಗಿಯ ಕತ್ತಿನಿಂದ ನೀರು ಒಳಗಿಳಿದು ಕಾಲಬುಡದಲ್ಲಿ ಕಪ್ಪಗೆ ಹರಿಯಿತು. ಸುಗೊಂದೊ ಮೊದಲು ಹೆದರಿ ಎಲ್ಲರ ಮುಖ ನೋಡಿದರು. ಆಮೇಲೆ ಗುಂಡಿ ಬಿಚ್ಚಿದರು. ಹೆಂಡತಿ ಒಳಗಿಂದ ಸೋಪು ತಂದುಕೊಟ್ಟರು. ಅಂಗಳದಲ್ಲೇ, ನೆಂಟರ ಎದುರಲ್ಲೇ, ಆ ಮನುಷ್ಯ ತಲೆ ಉಜ್ಜಿಕೊಂಡು ಸ್ನಾನ ಮಾಡಿದರು. ನನಗೆ ಫೋಟೊ ತೆಗೆಯುವುದು ಮರೆತೇಹೋಯಿತು. ಗೇಟಿನ ಹೊರಗೆ ಕೂತಿದ್ದ ತರ್ವಿಯಾ ಎದ್ದು ಬಂದು, "ಬೀಗರೇ, ಬೆನ್ನು ಉಜ್ಜೋಕೆ ಯಾರನ್ನಾದ್ರೂ ಕಳಿಸ್ಲಾ?" ಎಂದು ಕೇಳಿದರು.

ಮಧ್ಯಾಹ್ನಕ್ಕೆ ಮೋಡ ಕವಿಯಿತು. ಸಂಜೆಗೆ ಮಳೆ ಸುರಿಯಿತು. ಕಾಲಿಸೊನೊಗೆ ಹೋಗಿದ್ದ ಮಳೆಯೆಲ್ಲ ಒಟ್ಟಿಗೆ ಹಿಂದಿರುಗಿದಂತೆ ಬಂದು, ಸಮಾರಂಭದ ಶಾಮಿಯಾನವನ್ನು ಮಡಚಿ ಕಡಲಿಗೆ ಹಾಕಿತು. ಮಾರನೆಯ ಬೆಳಗ್ಗೆ ಬಿಸಿಲು ಬಿದ್ದಾಗ ಸೌರಫಲಕಗಳು ಕಣ್ಣು ಕುಕ್ಕುವಂತೆ ಹೊಳೆದವು. ಒಂದು ಕಡೆ ಲಾರಾಸ್‌ಳ ಮದುವೆ ಗದ್ದಲವಿಲ್ಲದೆ ನಡೆಯಿತು. ಅಳಿಯ ಮಾವನ ಮೊಣಕಾಲಿಗೆ ತಲೆಯಿಟ್ಟು, ಬೇಗ ಏಳುವ ಅವಸರವೇನೂ ತೋರಿಸಲಿಲ್ಲ. ಇನ್ನೊಂದು ಕಡೆ ಊರಿಗೆಲ್ಲ ಸಾಕಾಗಿ ಮಿಗುವಷ್ಟು ವಿದ್ಯುತ್ತು ಬಿಸಿಲಿನಿಂದಲೇ ಬರುತ್ತಿತ್ತು. ಮಸಿ ಮತ್ತೆ ಕೂರುವ ಮುಂಚೆ ಗುಂಡಿ ಒತ್ತಿದರೆ ಮುಗಿಯಿತು, ಚಿಮಣಿ ಶಾಶ್ವತವಾಗಿ ತಣ್ಣಗಾಗುತ್ತಿತ್ತು.

ನಿಕೆನ್ ಮೇಯರ್ ಕೋಣೆಗೆ ಓಡಿದಳು. ಅವಳ ಹಿಂದೆ ಮದುವೆ ಮನೆಯಿಂದ ಸುಗೊಂದೊ ಓಡಿದರು, ಕಿವಿಗೆ ಮಲ್ಲಿಗೆ ಇನ್ನೂ ಅಂಟಿಕೊಂಡಿತ್ತು. ಮೇಯರ್, ಗುನಾದಿ, ಮೇಯರ್ ಅವರ ನಾದಿನಿ, ಕಾನೂನು ಅಧಿಕಾರಿಗಳು ಎಲ್ಲರೂ ಆಗಲೇ ಸೇರಿದ್ದರು. ಯಾರ ಮುಖದಲ್ಲೂ ಕಳೆಯಿರಲಿಲ್ಲ.

"ಬಾಪಕ್, ಈಗ ಒತ್ತಿ!" ಎಂದರು ಸುಗೊಂದೊ. "ಫಲಕ ಹೊಳೀತಿದೆ. ನಾಲ್ಕನೇದು ಮುಗಿಸ್ಬಿಡೋಣ, ಐದನೇದು ಪ್ರಾರ್ಥನೆ ಮಾಡ್ಬಿಡೋಣ."

ಎಲ್ಲರೂ ಅವರನ್ನು ಮರುಕದಿಂದ ನೋಡಿದರು. ಕಾನೂನು ಅಧಿಕಾರಿಗಳು ಗಂಟಲು ಸರಿಪಡಿಸಿಕೊಂಡರು.

"ಯಾವ ಸಮಾರಂಭದ ನಾಲ್ಕನೇದು ಬಾಪಕ್? ಸಮಾರಂಭ ನಡೀತಿರುವಾಗ ಆತಿಥೇಯರು ಸ್ನಾನ ಮಾಡಿದ್ದಾರೆ. ಅಂದ್ರೆ ಆ ಸಮಾರಂಭ ನಡೆದೇ ಇಲ್ಲ. ನಡೆಯದ ಸಮಾರಂಭದಲ್ಲಿ ಗುಂಡಿ ಹೇಗೆ ಒತ್ತೋದು?"

"ಮತ್ತೆ?"

"ಒಂದರಿಂದ ಶುರು ಮಾಡ್ಬೇಕು. ರಾಷ್ಟ್ರಗೀತೆಯಿಂದ. ಅದಕ್ಕೆ ಟೆಂಡರ್ ಕರೀಬೇಕು, ಶಾಮಿಯಾನ ಹೊಸದು ಬೇಕು."

ನಾದಿನಿ ಅನ್ನದ ಗೋಪುರಕ್ಕೆ ಎಷ್ಟು ಅಕ್ಕಿ ಎಂದು ಬೆರಳು ಮಡಿಸಿ ಎಣಿಸತೊಡಗಿದರು. ಸುಗೊಂದೊ ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ನನ್ನನ್ನು ನೋಡಿದರು. ಊರಲ್ಲಿ ಅಷ್ಟೂ ಜನ ಇಷ್ಟು ದಿನ ತಿಂದದ್ದು ಸಮಾರಂಭ ಮುಗಿಯದೆ ಇರುವುದರಿಂದಲೇ ಎಂದು ಅವರಿಗೆ ಆಗ ಹೊಳೆದಿರಬೇಕು. ನಾನು ನೆಲ ನೋಡಿದೆ. ನಾಚಿಕೆಯಾಯಿತು ಎಂದು ಇಲ್ಲಿ ಬರೆದರೆ ಯಾರೂ ನನ್ನ ಕೆಲಸ ಕಿತ್ತುಕೊಳ್ಳಲಾರರು ಎಂದುಕೊಂಡಿದ್ದೇನೆ.

"ಆತಿಥೇಯರು ಯಾರು?" ಎಂದು ಅವರು ಮೆಲ್ಲಗೆ ಕೇಳಿದರು.

"ಅನುಭವ ಇರೋರೇ ಆಗ್ಬೇಕಲ್ವಾ?" ಎಂದರು ಮೇಯರ್.

ಟೆಂಡರು ಮುಗಿದು ಹೊಸ ಶಾಮಿಯಾನ ಏಳುವಷ್ಟರಲ್ಲಿ ಫಲಕಗಳು ಮತ್ತೆ ಕಪ್ಪಾಗಿದ್ದವು. ರಾಷ್ಟ್ರಗೀತೆ ಹಾಡಿದೆವು, ಭಾಷಣ ಕೇಳಿದೆವು, ಗೋಪುರ ಕತ್ತರಿಸಿದೆವು. ಮೇಯರ್ ಗುಂಡಿಯ ಮೇಲೆ ಬೆರಳಿಟ್ಟು ಫೋಟೊ ತೆಗೆಸಿಕೊಂಡು ಬೆರಳು ತೆಗೆದರು. ಸಮಾರಂಭ ನಡೆಯುತ್ತಿದೆ.

ಸಾಲ ಕೊಟ್ಟ ಬ್ಯಾಂಕಿನವರು ತಪಾಸಣೆಗೆ ಬಂದಾಗ ನಮಗೆಲ್ಲ ಸ್ವಲ್ಪ ದಿಗಿಲಾಗಿತ್ತು. ಆದರೆ ಅವರು ಮದುವೆಯ ದಿನದ ವಿದ್ಯುತ್ ಅಂಕಿಗಳನ್ನು ನೋಡಿ ಬಹಳ ಸಂತೋಷಪಟ್ಟರು. ಸ್ಥಾವರ ಚೆನ್ನಾಗಿದೆ, ಸ್ಥಳೀಯ ಸಂಸ್ಕೃತಿಯೊಂದಿಗೆ ಚೆನ್ನಾಗಿ ಬೆರೆತಿದೆ, ಇಂಥ ದಿನ ಮತ್ತೆ ಯಾವಾಗ ಬರುತ್ತದೆಂದು ತಿಳಿಸಿದರೆ ಮುಂದಿನ ಕಂತು ಕೊಡುತ್ತೇವೆ ಎಂದರು. ಮೇಯರ್ ತಕ್ಷಣ ನಿಯಮಕ್ಕೆ ತಿದ್ದುಪಡಿ ತಂದರು. ಆತಿಥೇಯರು ತಮ್ಮ ಮಗಳ ಶುಭಕಾರ್ಯಗಳಲ್ಲಿ ಸಂಪ್ರದಾಯದ ಪ್ರಕಾರ ನೆನೆದರೆ ಅದನ್ನು ಉಲ್ಲಂಘನೆಯೆಂದು ಭಾವಿಸತಕ್ಕದ್ದಲ್ಲ. ಆ ದಿನ ಸಮಾರಂಭಕ್ಕೆ ವಿರಾಮವಿರತಕ್ಕದ್ದು. ವಿರಾಮದ ದಿನ ಗುಂಡಿ ಒತ್ತುವಂತಿಲ್ಲ.

ಮದುವೆ ಮುಗಿದಿದೆ. ನಮ್ಮಲ್ಲಿ ಆಮೇಲಿನ ನೀರು ಹುಯ್ಯುವ ಶಾಸ್ತ್ರ ಬಸುರಿ ಮಗಳಿಗೆ ಏಳು ತಿಂಗಳು ತುಂಬಿದಾಗ. ಆದ್ದರಿಂದ ನಗರದ ಶುದ್ಧ ವಿದ್ಯುತ್ ಯೋಜನೆಯ ಹೊಣೆ ಈಗ ಲಾರಾಸ್ ಮತ್ತು ಅವಳ ಗಂಡನ ಮೇಲೆ ಬಿದ್ದಿದೆ. ಮೇಯರ್ ಕಚೇರಿಯಿಂದ ಅವರಿಗೆ ಜೇನುತುಪ್ಪ, ಮೊಟ್ಟೆ ಹೋಗುತ್ತಿತ್ತು. ಮಾರುಕಟ್ಟೆಯಲ್ಲಿ ಅವಳನ್ನು ಕಂಡ ಹೆಂಗಸರು, "ಏನಮ್ಮ, ಏನಾದ್ರೂ ವಿಶೇಷ ಇದೆಯಾ? ಮಳೆ ಮಸಿ ತೊಳೆದ ದಿನ ಬಟ್ಟೆ ಒಗೆದು ಹಾಕ್ಬೇಕಿತ್ತು," ಎಂದು ಕೇಳುತ್ತಿದ್ದರು. ಮೊದಮೊದಲು ಅವಳು ರೇಗುತ್ತಿದ್ದಳು. ಕಳೆದ ತಿಂಗಳು ವಿಶೇಷ ಇದೆಯೆಂದು ಗೊತ್ತಾದಾಗ ನಾನೇ ಪ್ರಕಟಣೆ ಬರೆದೆ. ಊರಲ್ಲಿ ಪಟಾಕಿ ಹೊಡೆದರು. ಗುನಾದಿ ತೊಟ್ಟಿಲು ಕಳಿಸಿದರು. ನಿಕೆನ್ ತಿದ್ದುಪಡಿ ಓದಿ ಎರಡು ದಿನ ಊಟ ಬಿಟ್ಟಿದ್ದಳು. ಈಗ ಅವಳೂ ಹೆರಿಗೆ ಡಾಕ್ಟರಿಗೆ ಫೋನು ಮಾಡಿ ದಿನ ವಿಚಾರಿಸಿ, ಸೌರ ವಿದ್ಯುತ್ತಿನ ಮುನ್ಸೂಚನೆಯ ನಕ್ಷೆ ತಯಾರಿಸುತ್ತಾಳೆ.

ಸುಗೊಂದೊ ಅವರ ಆರೋಗ್ಯ ಚೆನ್ನಾಗಿದೆ. ಅವರ ಮೇಜನ್ನು ಈಗ ಕಚೇರಿಯ ಹಿಂದಿನ ಮಾವಿನ ಮರದ ಕೆಳಗೆ ಹಾಕಲಾಗಿದೆ. ನಿನ್ನೆ ನಾನು ಅತ್ತ ಹೋದಾಗ, ದೂರದಿಂದಲೇ ಕೈ ಮಾಡಿ ಕರೆದರು.

"ಮಾಸ್ ದರ್ಪೊ, ಒಂದು ವಿಚಾರ. ಅವಳಿಜವಳಿ ಆದ್ರೆ ಎರಡು ಸಲ ಸ್ನಾನಕ್ಕೆ ಅವಕಾಶ ಆಗತ್ತಾ?"

ಮುಖದಲ್ಲಿ ಅಷ್ಟು ಆಸೆಯಿತ್ತು. ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ, ಕೇಳಿ ಹೇಳುತ್ತೇನೆ ಎಂದೆ. ಕಾನೂನು ವಿಭಾಗದ ಉತ್ತರ ಇವತ್ತು ಬೆಳಗ್ಗೆ ಬಂದಿದೆ. ಮಕ್ಕಳು ಎಷ್ಟೇ ಆದರೂ ಬಸಿರು ಒಂದೇ ಆದ್ದರಿಂದ ಸ್ನಾನವೂ ಒಂದೇ ಆಗಿರತಕ್ಕದ್ದು. ಅವರಿಗೆ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಅದೂ ನ್ಯಾಯವೇ ಎಂದರು.